ಲೊಕೇಲ್ ಅನ್ನೋ ‘ರುಚಿಗೆ ತಕ್ಕಷ್ಟು’: ಸಿ ಸ್ಟ್ಯಾಂಡರ್ಡ್ ಬಾಯಿಬಿಟ್ಟು ಹೇಳದೇ ಇರೋ ಜಾಗಗಳು

ಬಳೆ ಮೊದಲು ಬರಬೇಕಾ, ಬಸವ ಮೊದಲು ಬರಬೇಕಾ? ಕನ್ನಡ ವರ್ಣಮಾಲೆ ಬಾಯಿಪಾಠ ಮಾಡಿದ ಯಾರನ್ನ ಕೇಳಿದ್ರೂ ಬಸವ ಮೊದಲು ಅಂತಾರೆ. ಯ ರ ಲ ವ ಶ ಷ ಸ ಹ ಳ, ಅದರಲ್ಲಿ ಳ ಕೊನೇದು. ಪರಿಚಯದವರೊಬ್ಬರು ತಮ್ಮೂರಿನ ಸಣ್ಣ ಲೈಬ್ರರಿಗೆ ಪುಸ್ತಕಗಳ ಪಟ್ಟಿ ಅಕಾರಾದಿಯಾಗಿ ಜೋಡಿಸಿಕೊಡು ಅಂದಿದ್ರು, ನಾನು ಒಂದು ಸಣ್ಣ ಪ್ರೋಗ್ರಾಂ ಬರೆದೆ, ಲ್ಯಾಪ್‌ಟಾಪ್‌ನಲ್ಲಿ ನೋಡಿದಾಗ ಎಲ್ಲಾ ಸರಿ ಇತ್ತು, ಸರ್ವರ್‌ಗೆ ಹಾಕಿದ ಮೇಲೆ ನೋಡ್ತೀನಿ, ಬಳೆ ಮೇಲೆ ಹೋಗಿ ಕೂತಿದೆ, ಬಸವ ಕೆಳಗೆ ಬಂದಿದೆ. ಕೋಡ್ ಅದೇ, ಫೈಲ್ ಅದೇ. ಅರ್ಧ ದಿನ ನನ್ನ ಕೋಡ್‌ನಲ್ಲೇ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ.

ಅದನ್ನ ಬಿಡಿಸ್ತಾ ಹೋದಾಗ ಗೊತ್ತಾಗಿದ್ದನ್ನ ಇಲ್ಲಿ ಬರೀತಿದೀನಿ. ಸಿ ಮತ್ತು ಸಿ++ ಪ್ರೋಗ್ರಾಮಿಂಗ್ ಭಾಷೆಗಳ ಜೊತೆ ಬರೋ ಸಿದ್ಧ ಫಂಕ್ಷನ್‌ಗಳ ಲೈಬ್ರರಿಯ ಲೊಕೇಲ್ ಭಾಗದಲ್ಲಿ ಸ್ಟ್ಯಾಂಡರ್ಡ್ (ಅಂದ್ರೆ ಆ ಭಾಷೆಯ ಅಧಿಕೃತ ನಿಯಮಗಳ ಪುಸ್ತಕ) ಎಷ್ಟು ಹೇಳತ್ತೆ, ಎಲ್ಲಿ ಸುಮ್ಮನಾಗತ್ತೆ ಅನ್ನೋದು. ಸುಮ್ಮನಾಗೋ ಜಾಗಗಳೇ ಜಾಸ್ತಿ, ನಮ್ಮ ಭಾಷೆಯವರಿಗೆ ಪೆಟ್ಟು ಬೀಳೋದೂ ಅಲ್ಲೇ.

ಲೊಕೇಲ್ ಅಂದ್ರೆ ಒಂದು ಊರಿನ ರೂಢಿಗಳ ಗಂಟು ಅಂದ್ಕೊಳ್ಳಿ. ಅಕ್ಷರಗಳ ಕ್ರಮ ಯಾವುದು, ಯಾವುದು ಅಕ್ಷರ ಯಾವುದು ಚಿಹ್ನೆ, ದಶಾಂಶಕ್ಕೆ ಚುಕ್ಕೆಯಾ ಅಲ್ಪವಿರಾಮವಾ, ದುಡ್ಡು ಹೇಗೆ ಬರೀಬೇಕು, ತಾರೀಖು ಹೇಗೆ ಬರೀಬೇಕು. ಸಿ ಭಾಷೆಗೆ ಇದು ಬಂದಿದ್ದು 1989ರ ಆನ್ಸಿ ಸ್ಟ್ಯಾಂಡರ್ಡ್ ಜೊತೆ, ‘ಸೆಟ್‌ಲೊಕೇಲ್’ ಅನ್ನೋ ಫಂಕ್ಷನ್ ರೂಪದಲ್ಲಿ. ಪ್ರೋಗ್ರಾಂ ಶುರುವಾದಾಗ ಎಲ್ಲರೂ ‘ಸಿ’ ಅನ್ನೋ ಹೆಸರಿನ ಲೊಕೇಲ್‌ನಲ್ಲೇ ಇರ್ತಾರೆ. ಖಾಲಿ ಸ್ಟ್ರಿಂಗ್ ಕೊಟ್ಟು ಸೆಟ್‌ಲೊಕೇಲ್ ಕರೆದ್ರೆ ಬಳಕೆದಾರರ ಸಿಸ್ಟಮ್‌ನಲ್ಲಿ ಏನು ಸೆಟ್ಟಿಂಗ್ ಇದೆಯೋ ಅದು ಬರತ್ತೆ. ಸ್ಟ್ಯಾಂಡರ್ಡ್‌ಗೆ ಗೊತ್ತಿರೋ ಹೆಸರು ಇವೆರಡೇ, ‘ಸಿ’ ಮತ್ತು ಖಾಲಿ. ಕನ್ನಡ, ಜರ್ಮನ್, ಟರ್ಕಿಶ್ ಅಂತ ನಾವು ಕೊಡೋ ಬಾಕಿ ಹೆಸರೆಲ್ಲಾ ಆಯಾ ಸಿಸ್ಟಮ್‌ನವರು ಇಟ್ಕೊಂಡಿದ್ದು. ಒಂದು ಕಡೆ ಭಾಷೆ ಮತ್ತು ದೇಶದ ಮಧ್ಯ ಅಂಡರ್‌ಸ್ಕೋರ್, ಇನ್ನೊಂದು ಕಡೆ ಹೈಫನ್. ಆ ಲೊಕೇಲ್ ಇನ್‌ಸ್ಟಾಲ್ ಆಗಿಲ್ಲದಿದ್ರೆ ಸಿ ಫಂಕ್ಷನ್ ನಲ್ ಪಾಯಿಂಟರ್ (ಏನೂ ಸಿಗಲಿಲ್ಲ ಅನ್ನೋ ಗುರುತು) ವಾಪಸ್ ಕೊಟ್ಟು ಹಳೇದನ್ನೇ ಮುಂದುವರಿಸತ್ತೆ, ಸಿ++ ಆದ್ರೆ ಎಕ್ಸೆಪ್ಶನ್ ಎಸೆಯತ್ತೆ. ಆ ನಲ್ ಅನ್ನ ಚೆಕ್ ಮಾಡದೆ ಬಿಡೋರೇ ಜಾಸ್ತಿ, ನಾನೂ ಬಿಟ್ಟಿದ್ದೆ.

ಮುಂದೆ ಹೋಗೋಕೆ ನಾಲ್ಕು ಪದ ಬೇಕು. ಅಡುಗೆ ಪುಸ್ತಕದಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಅಂತ ಬರೆದಿರ್ತಾರಲ್ಲ, ಅದನ್ನ ಇಟ್ಕೊಂಡೇ ಹೇಳ್ತೀನಿ. ಎಷ್ಟು ಉಪ್ಪು ಅನ್ನೋದು ನಿಮ್ಮಿಷ್ಟ ಆದರೆ ಎಷ್ಟು ಹಾಕಿದ್ರಿ ಅಂತ ಡಬ್ಬಿ ಮೇಲೆ ಬರೆದಿಡಬೇಕು ಅಂದ್ರೆ ಅದು ಇಂಪ್ಲಿಮೆಂಟೇಶನ್-ಡಿಫೈನ್ಡ್ (ಇಂಪ್ಲಿಮೆಂಟೇಶನ್ ಅಂದ್ರೆ ಸ್ಟ್ಯಾಂಡರ್ಡ್ ನೋಡಿ ಕಟ್ಟಿದ ಕಂಪೈಲರ್ ಮತ್ತು ಲೈಬ್ರರಿ). ಒಂದು ಚಮಚವೋ ಎರಡು ಚಮಚವೋ ಯಾವುದಾದ್ರೂ ಸರಿ, ಯಾರಿಗೂ ಹೇಳಬೇಕಾಗಿಲ್ಲ, ಇವತ್ತು ಒಂದು ನಾಳೆ ಎರಡು ಹಾಕಿದ್ರೂ ಕೇಳೋರಿಲ್ಲ ಅಂದ್ರೆ ಅದು ಅನ್‌ಸ್ಪೆಸಿಫೈಡ್. ಊರಿಂದ ಊರಿಗೆ ರುಚಿ ಬೇರೆ, ಆ ಊರಿನ ಪದ್ಧತಿ ಇದು ಅಂತ ಬರೆದಿಟ್ರೆ ಅದು ಲೊಕೇಲ್-ಸ್ಪೆಸಿಫಿಕ್. ಉಪ್ಪಿನ ಡಬ್ಬಿ ಬದಲು ಸುಣ್ಣದ ಡಬ್ಬಿಗೆ ಕೈ ಹಾಕಿದ್ರೆ ಆಮೇಲೆ ಏನಾಗತ್ತೆ ಅಂತ ಪುಸ್ತಕ ಜವಾಬ್ದಾರಿ ತಗೊಳ್ಳಲ್ಲ, ಅದು ಅನ್‌ಡಿಫೈನ್ಡ್. ಸಿ ಸ್ಟ್ಯಾಂಡರ್ಡ್‌ನ ಹಿಂದುಗಡೆ ಈ ನಾಲ್ಕಕ್ಕೂ ಬೇರೆ ಬೇರೆ ಪಟ್ಟಿನೇ ಇದೆ. ದಿನನಿತ್ಯದ ಮಾತಲ್ಲಿ ನಾವು ಎಲ್ಲವನ್ನೂ ‘ಅನ್‌ಡಿಫೈನ್ಡ್’ ಅಂದುಬಿಡ್ತೀವಿ, ಆದರೆ ವ್ಯತ್ಯಾಸ ದೊಡ್ಡದು.

ಈಗ ಒಂದೇ ಒಂದು ಅಕ್ಷರ ತಗೊಂಡು ಹತ್ತಿರದಿಂದ ನೋಡೋಣ. ‘ಕ’. ಯೂನಿಕೋಡ್‌ನಲ್ಲಿ ಇದರ ನಂಬರ್ 3221, ಆ ನಂಬರನ್ನ ಬೈಟ್‌ಗಳಾಗಿ ಬರೆಯೋ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್: 224, 178, 149. ಈ ಮೊದಲ ಬೈಟನ್ನ ಒಂದು ಕ್ಯಾರ್ (ಒಂದು ಬೈಟ್ ಹಿಡಿಯೋ ಟೈಪ್) ವೇರಿಯಬಲ್‌ನಲ್ಲಿಟ್ಟು ‘ಈಸ್‌ಆಲ್ಫಾ’ ಫಂಕ್ಷನ್‌ಗೆ ಕೊಡ್ತೀವಿ, ಅಕ್ಷರವಾ ಅಲ್ವಾ ಹೇಳಪ್ಪಾ ಅಂತ. ಕ್ಯಾರ್ ಅನ್ನೋದು ಮೈನಸ್ ಸಂಖ್ಯೆ ಹಿಡಿಯತ್ತಾ ಇಲ್ವಾ ಅನ್ನೋದೇ ಇಂಪ್ಲಿಮೆಂಟೇಶನ್-ಡಿಫೈನ್ಡ್. ಇಂಟೆಲ್ ಮಷೀನಿನ ಲಿನಕ್ಸ್‌ನಲ್ಲಿ ಹಿಡಿಯತ್ತೆ, ಹಾಗಾಗಿ 224 ಅನ್ನೋದು ಮೈನಸ್ 32 ಆಗಿ ಒಳಗೆ ಹೋಗತ್ತೆ. ಆರ್ಮ್ ಲಿನಕ್ಸ್‌ನಲ್ಲಿ ಹಿಡಿಯಲ್ಲ, ಅಲ್ಲಿ 224 ಆಗೇ ಹೋಗತ್ತೆ. ಮೈನಸ್ 32 ಕೊಟ್ರೆ ಅದು ಅನ್‌ಡಿಫೈನ್ಡ್, ಯಾಕಂದ್ರೆ ಈ ಫಂಕ್ಷನ್‌ಗಳು ಅನ್‌ಸೈನ್ಡ್ ಕ್ಯಾರ್‌ನಲ್ಲಿ ಹಿಡಿಯೋ (ಮೈನಸ್ ಅಲ್ಲದ) ಬೆಲೆ ಅಥವಾ ಇಒಎಫ್ (ಫೈಲ್ ಮುಗೀತು ಅನ್ನೋ ಗುರುತು) ಮಾತ್ರ ತಗೊಳ್ಳೋದು ಅಂತ ಸ್ಟ್ಯಾಂಡರ್ಡ್ ಹೇಳಿದೆ. 224 ಆಗೇ ಹೋದ್ರೆ ಉತ್ತರ ಲೊಕೇಲ್-ಸ್ಪೆಸಿಫಿಕ್: ಸಿ ಲೊಕೇಲ್‌ನಲ್ಲಿ ಅಲ್ಲ, ಹಳೇ ಲ್ಯಾಟಿನ್-1 ಲೊಕೇಲ್‌ನಲ್ಲಿ 224 ಅಂದ್ರೆ ಫ್ರೆಂಚರ ಒಂದು ‘ಎ’ ಅಕ್ಷರ, ಹಾಗಾಗಿ ಅಲ್ಲಿ ಹೌದು. ಒಂದು ಸಾಲಿನ ಕೋಡ್, ಮೂರು ಥರದ ಸಂದೇಹ. ಬಹುಪಾಲು ಲಿನಕ್ಸ್‌ಗಳ ಸಿ ಲೈಬ್ರರಿಯಾದ ಜಿಲಿಬ್‌ಸಿಯವರು ಇಂಥ ತಪ್ಪು ಮಾಡೋರು ಬಹಳ ಅಂತ ಗೊತ್ತಿದ್ದು ತಮ್ಮ ಟೇಬಲ್ಲನ್ನ ಮೈನಸ್ 128ರಿಂದಲೇ ಶುರು ಮಾಡಿದ್ದಾರೆ, ಅಲ್ಲಿ ಕ್ರ್ಯಾಶ್ ಆಗಲ್ಲ. ಅದೇ ಕೋಡನ್ನ ಮೈಕ್ರೋಸಾಫ್ಟ್ ಕಂಪೈಲರ್‌ನ ಡೀಬಗ್ ಬಿಲ್ಡ್‌ನಲ್ಲಿ ಓಡಿಸಿದ್ರೆ ಅಸರ್ಟ್ ಫೇಲ್ ಆಗಿ ನಿಲ್ಲತ್ತೆ. ಇಂಗ್ಲಿಷ್ ಮಾತ್ರ ಟೆಸ್ಟ್ ಮಾಡಿದವರಿಗೆ ಇದು ಜನ್ಮದಲ್ಲಿ ಕಾಣಿಸಲ್ಲ, ಯಾಕಂದ್ರೆ ಅವರ ಬೈಟ್ ಯಾವುದೂ 127 ದಾಟಲ್ಲ. ಕನ್ನಡದ ಪ್ರತಿ ಅಕ್ಷರದ ಪ್ರತಿ ಬೈಟೂ ದಾಟತ್ತೆ. ಪಾಸ್ ಮಾಡೋ ಮುಂಚೆ ಅನ್‌ಸೈನ್ಡ್ ಕ್ಯಾರ್‌ಗೆ ಕ್ಯಾಸ್ಟ್ ಮಾಡಿ. ಅಷ್ಟು ಮಾಡಿದ್ರೂ ‘ಕ’ ಅಕ್ಷರವಾ ಅನ್ನೋ ಪ್ರಶ್ನೆಗೆ ಒಂದು ಬೈಟ್ ನೋಡಿ ಉತ್ತರ ಹೇಳೋಕಾಗಲ್ಲ ಅನ್ನೋದು ಹಾಗೇ ಉಳಿಯತ್ತೆ.

ಬಳೆ-ಬಸವಕ್ಕೆ ವಾಪಸ್ ಬರೋಣ, ಇದರಲ್ಲಿ ವಿಷಯ ಜಾಸ್ತಿ ಇದೆ. ಯೂನಿಕೋಡ್ ನಮ್ಮ ಲಿಪಿಗಳಿಗೆ ಇಸ್ಕಿ ಅನ್ನೋ ಹಳೇ ಭಾರತೀಯ ಅಕ್ಷರ-ಸಂಕೇತದ ಜೋಡಣೆಯನ್ನೇ ತಗೊಂಡಿದ್ದು, ದೇವನಾಗರಿ, ಕನ್ನಡ, ತೆಲುಗು ಎಲ್ಲಾ ಒಂದೇ ಅಚ್ಚಿನಲ್ಲಿ ಸಾಲಾಗಿ ಕೂತಿವೆ, ಆ ಅಚ್ಚಿನಲ್ಲಿ ಳ ಬರೋದು ಲ ಆದ ಕೂಡಲೆ. ಹಾಗಾಗಿ ಳ 3251, ವ 3253, ಸ 3256. ಬರೀ ನಂಬರ್ ನೋಡಿ ಜೋಡಿಸಿದ್ರೆ ಬಳೆ ಮೊದಲು. ಕನ್ನಡದ ಕ್ರಮ ಬೇಕು ಅಂದ್ರೆ ಬೇರೆ ನಿಯಮದ ಟೇಬಲ್ ಬೇಕು, ಅದನ್ನ ನೋಡಿ ಹೋಲಿಸೋ ಫಂಕ್ಷನ್ ‘ಸ್ಟ್ರ್‌ಕಾಲ್’. ನಾನು ಅದನ್ನೇ ಬಳಸಿದ್ದೆ. ಸ್ಟ್ಯಾಂಡರ್ಡ್ ಈ ಫಂಕ್ಷನ್ ಬಗ್ಗೆ ಹೇಳೋದು ಇಷ್ಟೇ: ಎರಡು ಸ್ಟ್ರಿಂಗನ್ನ ಈಗಿರೋ ಲೊಕೇಲ್ ಪ್ರಕಾರ ಹೋಲಿಸತ್ತೆ. ಆ ಲೊಕೇಲ್‌ನಲ್ಲಿ ಕ್ರಮ ಏನು, ಅದು ಮುಂದಿನ ವರ್ಷವೂ ಹಾಗೇ ಇರತ್ತಾ, ಒಂದು ಮಾತಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಜಿಲಿಬ್‌ಸಿ ಇತ್ತು, ಅದರ ಜೊತೆ ಕನ್ನಡದ ಟೇಬಲ್ಲೂ ಇತ್ತು. ಸರ್ವರ್‌ನಲ್ಲಿ ಇದ್ದಿದ್ದು ಆಲ್ಪೈನ್ ಲಿನಕ್ಸ್‌ನ ಕಂಟೇನರ್, ಅದರ ಸಿ ಲೈಬ್ರರಿ ಮಸಲ್. ಮಸಲ್‌ನಲ್ಲಿ ಸ್ಟ್ರ್‌ಕಾಲ್ ಅಂದ್ರೆ ಬರೀ ಬೈಟ್ ಹೋಲಿಕೆ, ಸ್ಟ್ರ್‌ಸಿಎಂಪಿ ಮಾಡೋದೇ ಅದೂ ಮಾಡತ್ತೆ. ಎರಡೂ ಸ್ಟ್ಯಾಂಡರ್ಡ್ ಪ್ರಕಾರ ಸರಿ! ಯಾರ ಮೇಲೂ ಬಗ್ ಹಾಕೋ ಹಾಗಿಲ್ಲ.

ನನ್ನದು ಸಣ್ಣ ಪಟ್ಟಿ, ಇದೇ ವಿಷಯ ಎಷ್ಟು ದೊಡ್ಡದಾಗಬಹುದು ಅನ್ನೋದಕ್ಕೆ 2018 ನೋಡಿ. ಆ ವರ್ಷ ಜಿಲಿಬ್‌ಸಿ 2.28 ಬಂತು, ಅದರಲ್ಲಿ ಅಕ್ಷರಕ್ರಮದ ಟೇಬಲ್ಲನ್ನ ಅಕ್ಷರಕ್ರಮದ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಆದ ಐಎಸ್‌ಒ 14651ರ ಹೊಸ ಆವೃತ್ತಿಗೆ ತಕ್ಕ ಹಾಗೆ ಬದಲಾಯಿಸಿದ್ರು. ಒಳ್ಳೇ ಕೆಲಸ, ಬಹಳ ಭಾಷೆಗಳಿಗೆ ಅನುಕೂಲ ಆಯ್ತು. ಆದರೆ ‘11’ ಮತ್ತು ‘1-1’ ಇವೆರಡನ್ನ ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ ಸಾರ್ಟ್ ಮಾಡಿದ್ರೆ ಮುಂಚೆ 11 ಮೊದಲು ಬರ್ತಿತ್ತು, ಈಗ 1-1 ಮೊದಲು. ಹಳೇದರಲ್ಲಿ ಹೈಫನ್‌ಗೆ ಮೊದಲ ಸುತ್ತಿನಲ್ಲಿ ಲೆಕ್ಕವೇ ಇರಲಿಲ್ಲ, ಹೊಸದರಲ್ಲಿ ಇದೆ. ಇದರಿಂದ ಯಾರಿಗೇನು ಅನ್ನಿಸಬಹುದು. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಟೆಕ್ಸ್ಟ್ ಇಂಡೆಕ್ಸ್‌ಗಳನ್ನ ಇದೇ ಸಿಸ್ಟಮ್ ಲೈಬ್ರರಿಯ ಕ್ರಮದಲ್ಲಿ ಕಟ್ಟಿಡತ್ತೆ. ಇಂಡೆಕ್ಸ್ ಅಂದ್ರೆ ನಿಘಂಟಿನ ಥರ, ಎಲ್ಲಾ ಕ್ರಮದಲ್ಲಿದೆ ಅನ್ನೋ ನಂಬಿಕೆ ಮೇಲೆ ಅರ್ಧಕ್ಕೆ ತೆರೆದು ಎಡಕ್ಕೆ ಹೋಗ್ಬೇಕಾ ಬಲಕ್ಕೆ ಹೋಗ್ಬೇಕಾ ಅಂತ ನೋಡೋದು. ಡೆಬಿಯನ್ 9ರಿಂದ 10ಕ್ಕೆ, ರೆಡ್‌ಹ್ಯಾಟ್ 7ರಿಂದ 8ಕ್ಕೆ ಹೋದವರ ಮಷೀನಿನಲ್ಲಿ ಇಂಡೆಕ್ಸ್ ಹಳೇ ಕ್ರಮದಲ್ಲಿ ಕಟ್ಟಿದ್ದು, ಹುಡುಕೋನು ಹೊಸ ಕ್ರಮದಲ್ಲಿ ಹುಡುಕ್ತಾನೆ, ಎಡಕ್ಕೆ ಹೋಗೋ ಬದಲು ಬಲಕ್ಕೆ ಹೋಗ್ತಾನೆ, ಇರೋ ರೆಕಾರ್ಡ್ ಇಲ್ಲ ಅಂತಾನೆ. ಯುನೀಕ್ ಅಂತ ಇಟ್ಟಿದ್ದ ಕಾಲಮ್‌ನಲ್ಲಿ ಒಂದೇ ಬೆಲೆ ಎರಡು ಸಲ ಕೂರತ್ತೆ, ಯಾಕಂದ್ರೆ ಮೊದಲನೇದು ಇದೆ ಅಂತಲೇ ಅವನಿಗೆ ಕಾಣಲಿಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಇಂಡೆಕ್ಸ್‌ಗಳನ್ನ ಪೂರ್ತಿ ಮತ್ತೆ ಕಟ್ಟೋದೊಂದೇ ದಾರಿ. ಆಮೇಲೆ ಪೋಸ್ಟ್‌ಗ್ರೆಸ್‌ನವರು ಅಕ್ಷರಕ್ರಮದ ವರ್ಷನ್ ಬರೆದಿಟ್ಟು ಎಚ್ಚರಿಸೋ ವ್ಯವಸ್ಥೆ ಮಾಡಿದ್ರು, 2024ರ 17ನೇ ಆವೃತ್ತಿಯಲ್ಲಿ ಸಿಸ್ಟಮ್ ಲೈಬ್ರರಿಯನ್ನ ನೆಚ್ಚಿಕೊಳ್ಳದ ತಮ್ಮದೇ ಒಂದು ಪ್ರೊವೈಡರ್ (ಅಕ್ಷರಕ್ರಮ ಒದಗಿಸೋ ಭಾಗ) ಕೊಟ್ರು.

ನನಗೆ ಅತಿ ಮುಖ್ಯ ಅನ್ನಿಸಿದ್ದು ಇಲ್ಲೇ. ಲೊಕೇಲ್ ಇರೋದು ಮನುಷ್ಯರ ಕಣ್ಣಿಗೆ. ಡಿಸ್ಕಿನಲ್ಲಿ ಉಳಿಯೋದಕ್ಕೆ, ಇನ್ನೊಂದು ಮಷೀನ್ ಓದೋದಕ್ಕೆ ಅದನ್ನ ತಾಗಿಸಲೇಬಾರದು. ಸ್ಕ್ರೀನ್ ಮೇಲೆ ಪಟ್ಟಿ ತೋರಿಸುವಾಗ ಕನ್ನಡದ ಕ್ರಮದಲ್ಲೇ ತೋರಿಸಿ, ಅದು ಓದೋರ ಹಕ್ಕು. ಫೈಲಿಗೆ, ಇಂಡೆಕ್ಸ್‌ಗೆ ಬೈಟ್ ಕ್ರಮ ಸಾಕು.

ಇನ್ನೊಂದು ಸಂಗತಿ, ಸ್ಟ್ರ್‌ಕಾಲ್ ಸೊನ್ನೆ ಕೊಟ್ಟ ಮಾತ್ರಕ್ಕೆ ಎರಡೂ ಒಂದೇ ಸ್ಟ್ರಿಂಗ್ ಅಂತ ಅಲ್ಲ. ಟೇಬಲ್ಲಿನಲ್ಲಿ ತೂಕ ಕೊಡದ ಅಕ್ಷರಗಳು ಒಂದಕ್ಕೊಂದು ಸಮ ಅಂತ ಬರಬಹುದು, ಸಿ ಸ್ಟ್ಯಾಂಡರ್ಡ್ ಅದನ್ನ ತಡೆಯಲ್ಲ. ಸೊನ್ನೆ ಬಂದಾಗ ಬೈಟ್ ಹೋಲಿಕೆ ಒಂದು ಸಲ ಮಾಡಿ ತೀರ್ಮಾನಕ್ಕೆ ಬನ್ನಿ.

ಈಗ ‘ಅನ್‌ಸ್ಪೆಸಿಫೈಡ್’ ಅಂತ ಅಕ್ಷರಶಃ ಬರೆದಿರೋ ಒಂದು ಜಾಗ, ದಿನಾ ಬಳಸೋದು. ರೆಜೆಕ್ಸ್‌ನಲ್ಲಿ (ಪಠ್ಯದೊಳಗೆ ಮಾದರಿ ಹುಡುಕೋಕೆ ಬರೆಯೋ ಸೂತ್ರ) ಸಣ್ಣ ‘ಎ’ಯಿಂದ ಸಣ್ಣ ‘ಝಡ್’ವರೆಗೆ ಅಂತ ಚೌಕ ಬ್ರ್ಯಾಕೆಟ್‌ನಲ್ಲಿ ರೇಂಜ್ ಬರೀತೀವಲ್ಲ. ಯುನಿಕ್ಸ್ ಥರದ ಸಿಸ್ಟಮ್‌ಗಳಿಗಿರೋ ಪೋಸಿಕ್ಸ್ ಸ್ಟ್ಯಾಂಡರ್ಡ್ ಪ್ರಕಾರ ಇದಕ್ಕೆ ಗ್ಯಾರಂಟಿ ಅರ್ಥ ಇರೋದು ಪೋಸಿಕ್ಸ್ ಲೊಕೇಲ್‌ನಲ್ಲಿ ಮಾತ್ರ, ಅಂದ್ರೆ ಸಿ ಲೊಕೇಲ್. ಬೇರೆ ಲೊಕೇಲ್‌ನಲ್ಲಿ ಆ ರೇಂಜ್ ಸರಿಯಾದದ್ದಾ, ಅದರೊಳಗೆ ಯಾವ ಯಾವ ಅಕ್ಷರ ಬರತ್ತೆ, ಎರಡನ್ನೂ ನಂಬ್ಕೋಬೇಡಿ ಅಂತ ನೇರವಾಗೇ ಬರೆದಿದ್ದಾರೆ. ಕಾರಣ ಮತ್ತೆ ಕ್ರಮದ್ದೇ. ಕೆಲವು ಲೊಕೇಲ್‌ಗಳಲ್ಲಿ ಸಣ್ಣ ಎ, ದೊಡ್ಡ ಎ, ಸಣ್ಣ ಬಿ, ದೊಡ್ಡ ಬಿ ಹೀಗೆ ಜೋಡಿ ಜೋಡಿಯಾಗಿ ಸಾಲು ಇರತ್ತೆ, ಅಲ್ಲಿ ಸಣ್ಣ ಎ-ಯಿಂದ ಸಣ್ಣ ಝಡ್ ಅಂದ್ರೆ ಮಧ್ಯದ ದೊಡ್ಡ ಅಕ್ಷರಗಳೆಲ್ಲಾ ಒಳಗೆ, ದೊಡ್ಡ ಝಡ್ ಒಂದು ಮಾತ್ರ ಹೊರಗೆ. ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಜಾಗ) ಸಣ್ಣ ಅಕ್ಷರದ ಫೈಲುಗಳನ್ನ ಮಾತ್ರ ಅಳಿಸ್ತೀನಿ ಅಂತ ಹೊರಟವರ ದೊಡ್ಡಕ್ಷರದ ಫೈಲುಗಳೂ ಹೋಗಿಬಿಡೋ ಪರಿಸ್ಥಿತಿ. ಇದಕ್ಕೇ ಪಠ್ಯ ಜಾಲಿಸೋ ಪ್ರೋಗ್ರಾಂ ಗಾಕ್ 4.0ರಿಂದ ರೇಂಜ್ ಅಂದ್ರೆ ಅಕ್ಷರದ ನಂಬರ್ ಪ್ರಕಾರ ಅಂತ ತೀರ್ಮಾನ ಮಾಡಿಕೊಳ್ತು, ಬ್ಯಾಶ್ ಅನ್ನೋ ಶೆಲ್ ಕೂಡ 5.0ರಿಂದ ಹಾಗೇ ಮಾಡಿತು. ಸ್ಟ್ಯಾಂಡರ್ಡ್ ಸುಮ್ಮನಿದ್ದ ಜಾಗದಲ್ಲಿ ಇವರು ಮಾತು ಕೊಟ್ರು, ಅದಕ್ಕೆ ನನಗೆ ಇವರ ಮೇಲೆ ಗೌರವ.

ಕನ್ನಡದಲ್ಲಿ [ಅ-ಹ] ಅಂತ ಬರೆಯೋರನ್ನ ಬಹಳ ನೋಡಿದೀನಿ. ನಂಬರ್ ಪ್ರಕಾರ ನೋಡಿದ್ರೆ ಳ ಒಳಗಿರತ್ತೆ, ಆದರೆ ಕಾಗುಣಿತದ ಗುರುತುಗಳು, ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ ಎಲ್ಲಾ ಹ ಆದ ಮೇಲೆ ಇವೆ, ಅನುಸ್ವಾರ ಅ-ಗಿಂತ ಮುಂಚೆ ಇದೆ, ಹಳಗನ್ನಡದ ೞ ಬಹಳ ದೂರ ಹೋಗಿ ಕೂತಿದೆ. ‘ಅರಸ’ ಪಾಸ್ ಆಗತ್ತೆ, ‘ಅಂಗಡಿ’ ಫೇಲ್. ಕನ್ನಡದ ಕ್ರಮ ಗೊತ್ತಿರೋ ಲೊಕೇಲ್‌ನಲ್ಲಿ ಅದೇ ರೇಂಜನ್ನ ವರ್ಣಮಾಲೆ ಪ್ರಕಾರ ಓದಿದ್ರೆ ಹ ಆದ ಮೇಲಿನ ಳ ಹೊರಗೆ ಬೀಳತ್ತೆ.

ಸಂಖ್ಯೆಗಳ ಕಥೆ ಬಹಳ ಜನಕ್ಕೆ ಗೊತ್ತು, ಬೇಗ ಹೇಳಿ ಮುಗಿಸ್ತೀನಿ. ಜರ್ಮನ್ ಲೊಕೇಲ್‌ನಲ್ಲಿ ದಶಾಂಶಕ್ಕೆ ಅಲ್ಪವಿರಾಮ. ಅಲ್ಲಿ ಪಠ್ಯವನ್ನ ಸಂಖ್ಯೆ ಮಾಡೋ ‘ಸ್ಟ್ರ್‌ಟಾಡ್’ಗೆ 3.14 ಕೊಟ್ರೆ ಚುಕ್ಕೆ ಹತ್ರ ನಿಂತು 3 ಅಂತ ವಾಪಸ್ ಕೊಡತ್ತೆ, ಪ್ರಿಂಟ್‌ಎಫ್ 3,14 ಅಂತ ಬರೆಯತ್ತೆ, ಆ ಫೈಲನ್ನ ಇನ್ನೊಬ್ಬರು ಸಿ ಲೊಕೇಲ್‌ನಲ್ಲಿ ಓದಿದ್ರೆ ಅವರಿಗೂ 3. ನಾನು ಸೆಟ್‌ಲೊಕೇಲ್ ಕರೆದೇ ಇಲ್ಲವಲ್ಲ ಅಂತ ಹೇಳೋ ಹಾಗೂ ಇಲ್ಲ, ಸ್ಕ್ರೀನ್ ಮೇಲೆ ಕಿಟಕಿ, ಬಟನ್ ತೋರಿಸೋ ಜಿಟಿಕೆ ಥರದ ಲೈಬ್ರರಿ ಶುರುವಾಗುವಾಗ ತಾನೇ ಕರೆದಿರತ್ತೆ. ಇದರ ಜೊತೆ ಸ್ಟ್ಯಾಂಡರ್ಡ್‌ನಲ್ಲಿ ಇನ್ನೊಂದು ಸಾಲಿದೆ, ಸಿ ಅಲ್ಲದ ಲೊಕೇಲ್‌ಗಳಲ್ಲಿ ಬೇರೆ ಬರವಣಿಗೆಯ ಸಂಖ್ಯೆಗಳನ್ನೂ ಒಪ್ಪಬಹುದು ಅಂತ. ಯಾವ ಬರವಣಿಗೆ ಅಂತ ಹೇಳಿಲ್ಲ. ಇದರಿಂದ ಬೇಸತ್ತೇ ಸಿ++17ರಲ್ಲಿ ಲೊಕೇಲ್ ಮುಟ್ಟದ ‘ಫ್ರಮ್‌ಕ್ಯಾರ್ಸ್’, ‘ಟುಕ್ಯಾರ್ಸ್’ ತಂದ್ರು, ಪಿಎಚ್‌ಪಿ 8.0ರಲ್ಲಿ ದಶಾಂಶ ಸಂಖ್ಯೆಯನ್ನ ಸ್ಟ್ರಿಂಗ್ ಮಾಡುವಾಗ ಲೊಕೇಲ್ ನೋಡೋದನ್ನ ನಿಲ್ಲಿಸಿದ್ರು.

ನಮ್ಮ ಲಕ್ಷ-ಕೋಟಿ ಲೆಕ್ಕ ಇದರಲ್ಲಿ ಸೊಗಸಾಗಿ ಬರತ್ತೆ, ಅದನ್ನ ಹೇಳ್ಲೇಬೇಕು. 12345678 ಅನ್ನೋದನ್ನ ನಾವು 1,23,45,678 ಅಂತ ಬರೀತೀವಿ, ಬಲಗಡೆಯಿಂದ ಮೊದಲು ಮೂರು, ಆಮೇಲೆ ಎರಡೆರಡು. ಲೊಕೇಲ್‌ನಲ್ಲಿ ಇದಕ್ಕೆ ಗ್ರೂಪಿಂಗ್ ಅಂತ ಒಂದು ಜಾಗ ಇದೆ, ಅಲ್ಲಿ 3, 2 ಅಂತ ಎರಡು ಬೈಟ್ ಇಟ್ರೆ ಮುಗೀತು, ಕೊನೇದು ಮತ್ತೆ ಮತ್ತೆ ಅನ್ವಯ ಆಗತ್ತೆ. ಸಿ++ನಲ್ಲಿ ‘ನಂಪಂಕ್ಟ್’ ಅನ್ನೋ ಫಾಸೆಟ್‌ನಿಂದ (ಲೊಕೇಲ್‌ನ ಒಂದು ತುಂಡು) ನಮ್ಮದೇ ಕ್ಲಾಸ್ ಮಾಡಿ ಐದಾರು ಸಾಲಿನಲ್ಲಿ ಲಕ್ಷ-ಕೋಟಿ ಬರೋ ಹಾಗೆ ಮಾಡಬಹುದು, ಯಾವ ಸಿಸ್ಟಮ್‌ನಲ್ಲಿ ಯಾವ ಲೊಕೇಲ್ ಇದೆ ಅನ್ನೋ ಚಿಂತೆ ಇಲ್ಲ. ಒಂದೇ ಎಡವಟ್ಟು. ಹೀಗೆ ಕೈಯಲ್ಲಿ ಕಟ್ಟಿದ ಲೊಕೇಲ್‌ಗೆ ಹೆಸರಿರಲ್ಲ. ಅದನ್ನ ಗ್ಲೋಬಲ್ ಅಂತ ಸೆಟ್ ಮಾಡಿದಾಗ, ಹೆಸರಿದ್ರೆ ಸಿ ಕಡೆಯ ಲೊಕೇಲೂ ಬದಲಾಗತ್ತೆ, ಹೆಸರಿಲ್ಲದಿದ್ರೆ ಏನಾಗತ್ತೆ ಅನ್ನೋದು ಇಂಪ್ಲಿಮೆಂಟೇಶನ್-ಡಿಫೈನ್ಡ್. ಆಮೇಲೆ ಹುಟ್ಟೋ ಸ್ಟ್ರೀಮ್‌ಗಳು ಕೋಟಿ ಲೆಕ್ಕದಲ್ಲಿ ಬರೀತಿರತ್ತೆ, ಪಕ್ಕದ ಸಾಲಿನ ಪ್ರಿಂಟ್‌ಎಫ್‌ಗೆ ಸುದ್ದಿನೇ ಇಲ್ಲ. ಸ್ಕ್ರೀನಿಗೆ ಬರೆಯೋ ಸ್ಟ್ರೀಮ್ ‘ಸಿಔಟ್’ ಮುಂಚೆಯೇ ಹುಟ್ಟಿರೋದರಿಂದ ಅದಕ್ಕೆ ‘ಇಂಬ್ಯೂ’ ಅಂತ ಬೇರೆ ಹೇಳಬೇಕು.

ತಾರೀಖಿನ ಕಡೆ ಎರಡು ಮಾತು. ಸಿ++ನ ‘ಟೈಮ್‌ಗೆಟ್’ನಲ್ಲಿ ಇಸವಿ ಓದೋ ಫಂಕ್ಷನ್ ಇದೆ, ಎರಡಂಕಿಯ ಇಸವಿ ಒಪ್ಪಬೇಕಾ, ಒಪ್ಪಿದ್ರೆ ಯಾವ ಶತಮಾನ ಅಂತ ಹಿಡೀಬೇಕು, ಇವೆರಡನ್ನೂ ಇಂಪ್ಲಿಮೆಂಟೇಶನ್‌ಗೆ ಬಿಟ್ಟಿದ್ದಾರೆ. ಜನ್ಮದಿನಾಂಕ ಓದೋ ಪ್ರೋಗ್ರಾಂನಲ್ಲಿ 47 ಅಂದ್ರೆ 1947ಓ 2047ಓ ಅನ್ನೋದು ಎಷ್ಟು ಗಂಭೀರ ಅಂತ ಪಿಂಚಣಿ ಅರ್ಜಿ ಹಾಕಿದ ಅಜ್ಜನಿಗೆ ಗೊತ್ತು. ಜಾವಾದಲ್ಲಿ 2023ರ ಜೆಡಿಕೆ 20 ಬಂದಾಗ ಅಮೆರಿಕನ್ ಇಂಗ್ಲಿಷ್‌ನಲ್ಲಿ ಸಮಯ ಬರೆಯುವಾಗ ಗಂಟೆಗೂ ಎಎಮ್-ಪಿಎಮ್‌ಗೂ ಮಧ್ಯ ಇದ್ದ ಮಾಮೂಲಿ ಸ್ಪೇಸ್ ಹೋಗಿ ಒಂದು ಕಿರಿದಾದ, ಸಾಲು ಮುರಿಯದ ಸ್ಪೇಸ್ ಬಂತು, ಬೇರೆ ಬೇರೆ ಭಾಷೆಗಳ ರೂಢಿಗಳನ್ನ ಕೂಡಿಟ್ಟ ಸಿಎಲ್‌ಡಿಆರ್ ಅನ್ನೋ ಡೇಟಾ ಹೊಸದಾಗಿದ್ದೇ ಕಾರಣ. ಕಣ್ಣಿಗೆ ಎರಡೂ ಒಂದೇ. ಟೆಸ್ಟ್‌ಗಳು ಫೇಲ್, ಪಾರ್ಸರ್‌ಗಳು ಫೇಲ್, ಬೇಕಾಗಿದ್ದು ಮತ್ತು ಬಂದಿದ್ದು ಸ್ಕ್ರೀನ್ ಮೇಲೆ ಒಂದೇ ಥರ ಕಾಣ್ತಿದೆ.

ಇನ್ನು ಸೆಟ್‌ಲೊಕೇಲ್ ಬಳಸುವಾಗ ಎಲ್ಲರೂ ಮಾಡೋ ಒಂದು ಕೆಲಸ ಇದೆ: ಈಗಿನ ಲೊಕೇಲ್ ಹೆಸರು ಕೇಳಿ ಪಾಯಿಂಟರ್ ಇಟ್ಕೊಳ್ಳೋದು, ಸಿ ಲೊಕೇಲ್‌ಗೆ ಬದಲಾಯಿಸಿ ಕೆಲಸ ಮುಗಿಸೋದು, ಆ ಪಾಯಿಂಟರ್ ಕೊಟ್ಟು ಹಳೇದಕ್ಕೆ ವಾಪಸ್ ಹೋಗೋದು. ನೋಡೋಕೆ ಅಚ್ಚುಕಟ್ಟು. ಆದರೆ ಮಧ್ಯದ ಕರೆ ಆ ಸ್ಟ್ರಿಂಗನ್ನೇ ಮೇಲೆ ಬರೆದುಬಿಡಬಹುದು ಅಂತ ಸ್ಟ್ಯಾಂಡರ್ಡ್ ಹೇಳತ್ತೆ, ಹಾಗಾಗಿ ಮೊದಲೇ ಅದನ್ನ ಕಾಪಿ ಮಾಡಿಟ್ಕೋಬೇಕು. ಥ್ರೆಡ್‌ಗಳಿದ್ರಂತೂ (ಒಂದೇ ಪ್ರೋಗ್ರಾಂನೊಳಗೆ ಒಟ್ಟೊಟ್ಟಿಗೆ ಓಡೋ ಕೆಲಸಗಳು) ಅದೂ ಸಾಲದು, ಈ ಫಂಕ್ಷನ್ ಇಡೀ ಪ್ರೋಸೆಸ್‌ನ ಲೊಕೇಲ್ ಬದಲಾಯಿಸತ್ತೆ, ಒಂದು ಥ್ರೆಡ್ ಬದಲಾಯಿಸ್ತಿರುವಾಗ ಇನ್ನೊಂದು ಥ್ರೆಡ್ ಪ್ರಿಂಟ್‌ಎಫ್ ಮಾಡ್ತಿದ್ರೆ ಅದು ಡೇಟಾ ರೇಸ್ (ಒಂದೇ ಡೇಟಾಗೆ ಇಬ್ಬರೂ ಒಟ್ಟಿಗೆ ಕೈ ಹಾಕೋದು) ಆಗಬಹುದು ಅಂತ ಸಿ11ರಲ್ಲಿ ಬರೆದೇ ಇಟ್ಟಿದ್ದಾರೆ. ಪೋಸಿಕ್ಸ್ 2008ರ ‘ಯೂಸ್‌ಲೊಕೇಲ್’ ಒಂದು ಥ್ರೆಡ್‌ಗೆ ಮಾತ್ರ ಅನ್ವಯ ಆಗತ್ತೆ, ಅದು ಸಿಗೋ ಕಡೆ ಅದನ್ನೇ ಬಳಸಿ.

ಲೈಬ್ರರಿ ಪಟ್ಟಿಗೆ ಕೊನೆಗೆ ಹೀಗೆ ಮಾಡಿದೆ. ಪುಸ್ತಕದ ಹೆಸರುಗಳು ಫೈಲಿನಲ್ಲಿ ಬೈಟ್ ಕ್ರಮದಲ್ಲೇ ಇರತ್ತೆ, ಯಾವ ಮಷೀನಿನಲ್ಲಿ ತೆರೆದ್ರೂ ಅದೇ ಕ್ರಮ. ಪ್ರಿಂಟ್ ತೆಗೆಯುವಾಗ ಮಾತ್ರ ಐಸಿಯು ಅನ್ನೋ ಯೂನಿಕೋಡ್ ಲೈಬ್ರರಿಯ ಕನ್ನಡ ನಿಯಮದಿಂದ ಜೋಡಿಸ್ತೀನಿ, ಅದನ್ನ ಪ್ರೋಗ್ರಾಂ ಜೊತೆಗೇ ಕಟ್ಟಿ ಕಳಿಸ್ತೀನಿ, ಕಂಟೇನರ್‌ನಲ್ಲಿ ಏನಿದೆ ಅಂತ ಕೇಳೋ ಪ್ರಮೇಯ ಇಲ್ಲ. ಯಾವ ವರ್ಷನ್‌ನಿಂದ ಜೋಡಿಸಿದ್ದು ಅಂತ ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಬೀಳತ್ತೆ. ಟೆಸ್ಟ್‌ನಲ್ಲಿ ನಾಲ್ಕೇ ಪದ ಇಟ್ಟಿದೀನಿ, ಬಲ, ಬವಣೆ, ಬಸವ, ಬಳೆ, ಇದೇ ಕ್ರಮದಲ್ಲಿ ಬರದಿದ್ರೆ ಬಿಲ್ಡ್ ನಿಲ್ಲತ್ತೆ.